ಯಮನಪ್ಪನ ಕೋಲಿನ ಮೂರು ಉಂಗುರ

ಗಾಳದ ಕೋಲು ಮಾಡಿಕೊಡಿ ಎಂದು ಫೋನು ಮಾಡುವವರನ್ನು ನಾನು ಮೊದಲು ಕೇಳುವುದು ಅವರ ಮೊಣಕೈಯಿಂದ ಮುಷ್ಟಿಯವರೆಗಿನ ಅಳತೆಯನ್ನು. ಹಲವರಿಗೆ ಇದು ವಿಚಿತ್ರವೆನಿಸುತ್ತದೆ. ಮೊನ್ನೆ ಮುಧೋಳದ ಮಾಸ್ತರರೊಬ್ಬರು ಟೇಪು ಸುತ್ತಿದ ಕೈಯ ಫೋಟೋವನ್ನೇ ವಾಟ್ಸಾಪಿನಲ್ಲಿ ಕಳಿಸಿದರು. ಅದರಲ್ಲಿ ಅಳತೆಗಿಂತ ಅವರ ಹೊಸ ವಾಚು ಚೆನ್ನಾಗಿ ಕಾಣುತ್ತಿತ್ತು. ಕೋಲು ಮೊದಲು ಹಿಡಿಯುವವನ ಕೈಗೆ ಹೊಂದಬೇಕು, ಮೀನಿನ ವಿಚಾರ ಆಮೇಲೆ ಎಂಬುದು ನಮ್ಮಪ್ಪನಿಂದ ಬಂದ ಮಾತು. ಫೋನಿನಲ್ಲಿ ಹೆಣ್ಣು ದನಿ ಕೇಳಿ, ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ ಎನ್ನುವವರೂ ಇದ್ದಾರೆ. ಇದ್ದಾರೆ, ಆದರೆ ಅವರಿಗೆ ಸುತ್ತು ಹಾಕಲು ಬರುವುದಿಲ್ಲ ಎಂದು ಹೇಳಿ ಮತ್ತೆ ಅಳತೆ ಕೇಳುತ್ತೇನೆ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಕಲಿತದ್ದು ರಬಕವಿಯ ನಮ್ಮ ಮನೆಯಲ್ಲಿ, ಊಟದ ಹೊತ್ತಿಗೆ ಮೀನು ಎಂಬ ಶಬ್ದವನ್ನು ಆಡಿದರೆ ಅವ್ವ ಎದ್ದು ಹೋಗುತ್ತಿದ್ದ ಮನೆಯಲ್ಲಿ.

ಆ ಮನೆ ಅಗಲ ಕಡಿಮೆ, ಉದ್ದ ಬಹಳ, ರೈಲಿನ ಡಬ್ಬಿಯ ಹಾಗೆ. ಬೀದಿಗೆ ಕಟ್ಟೆ, ಕಟ್ಟೆ ದಾಟಿದರೆ ಪಡಸಾಲೆ. ಪಡಸಾಲೆಯ ಅರ್ಧವನ್ನು ಅಪ್ಪನ ಕುಣಿಮಗ್ಗ ನುಂಗಿತ್ತು. ನೆಲದೊಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯಲು ಕೂತರೆ ಅವರ ತಲೆ ನನ್ನ ತಲೆಯ ಮಟ್ಟಕ್ಕೆ ಬರುತ್ತಿತ್ತು. ಅವರಿಂದ ಏನಾದರೂ ಕೇಳಿ ಪಡೆಯಬೇಕಾದರೆ ಅದೇ ಸರಿಯಾದ ಸಮಯವೆಂದು ನಾನು ಸಣ್ಣವಳಿದ್ದಾಗಲೇ ಕಂಡುಕೊಂಡಿದ್ದೆ. ಮಗ್ಗದ ಆಚೆ ನಡುಮನೆ, ಅಲ್ಲಿ ಅವ್ವ ನೂಲು ಸುತ್ತುವ ರಾಟಿ ಮತ್ತು ಅವಳ ಗಂಜಿಯ ಗಡಿಗೆ. ಕೊನೆಗೆ ಅಡಿಗೆ ಮನೆ, ಅದರ ಮೂಲೆಯಲ್ಲಿ ದೇವರು. ಪಡಸಾಲೆಯ ಜಂತಿಗಳಿಗೆ ಹಗ್ಗದ ಕುಣಿಕೆ ಕಟ್ಟಿ ಅಪ್ಪ ಬಿದಿರಿನ ಕೋಲುಗಳನ್ನು ಒಣಗಲು ತೂಗುಹಾಕಿದ್ದರು. ಅವುಗಳಿಗೆ ಅವ್ವನ ಕಾಯಿದೆ ಇತ್ತು. ಹೊಸ ಕೋಲು ಪಡಸಾಲೆಯ ಎರಡನೆಯ ಕಂಬದವರೆಗೆ ಬರಬಹುದು. ಒಮ್ಮೆ ಹೊಳೆ ಕಂಡು ಬಂದ ಕೋಲು ಕಟ್ಟೆ ಏರಬಹುದು, ಹೊಸ್ತಿಲು ದಾಟುವಂತಿಲ್ಲ. ಹೀಗಾಗಿ ರಿಪೇರಿಯೆಲ್ಲ ಕಟ್ಟೆಯ ಮೇಲೆ. ಅದು ಮುಗಿದ ಮೇಲೆ ಅಪ್ಪ ಬೂದಿ ಹಚ್ಚಿ ಕೈ ತೊಳೆದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಬೇಕು, ಆಮೇಲೆಯೇ ರೊಟ್ಟಿ. ಸೀರೆ ಒಯ್ಯಲು ಬಂದ ವ್ಯಾಪಾರಿಗಳಿಗೆ ಒಳಗಿನ ಹಿತ್ತಾಳೆ ತಂಬಿಗೆಯಲ್ಲಿ ನೀರು. ಕೋಲಿನ ಕೆಲಸಕ್ಕೆ ಬಂದ ಹೊಳೆಯ ಕಡೆಯವರಿಗೆ ಕಟ್ಟೆಯ ಗೂಡಿನಲ್ಲಿ ಬೇರೆಯದೇ ಒಂದು ಅಲ್ಯುಮಿನಿಯಂ ತಂಬಿಗೆ. ಅದು ಸರಿಯಲ್ಲವೆಂದು ತಿಳಿಯುವಷ್ಟು ಬುದ್ಧಿ ನನಗೆ ಬಂದಿತ್ತು. ಆದರೂ ಏನೂ ಕೇಳದೆ ನಾನೇ ಅದನ್ನು ತುಂಬಿ ಕೊಡುತ್ತಿದ್ದೆ.

ಮೀನು ತಿನ್ನದ ನೇಕಾರನ ಮನೆಗೆ ಗಾಳದ ಕೋಲು ಬಂದದ್ದು ಹೇಗೆಂದರೆ, ಕಾಲುವೆಯ ಕೆಲಸಕ್ಕೆ ಕರಾವಳಿಯ ಕಡೆಯಿಂದ ಒಬ್ಬ ಓವರ್ಸಿಯರ್ ಬಂದಿದ್ದರು. ರವಿವಾರ ಕೃಷ್ಣೆಯ ದಂಡೆಯಲ್ಲಿ ಗಾಳ ಹಾಕುವುದು ಅವರ ಚಟ. ಅವರ ಕೋಲಿನ ದಾರ ಹಾಯುವ ಉಂಗುರಗಳು ಕಳಚಿ ಬಂದಾಗ ಯಾರೋ, "ರಬಕವ್ಯಾಗ ಮಲ್ಲಪ್ಪ ಅದಾನ ನೋಡ್ರಿ, ಹರದ ಎಳಿ ಎಲ್ಲಿ ಕೂಡಿಸ್ಯಾನ ಅಂತ ಅವಗೂ ಸಿಗೂದಿಲ್ಲ" ಎಂದು ನಮ್ಮಪ್ಪನ ಹತ್ತಿರ ಕಳಿಸಿದರು. ಅಪ್ಪ ಆ ಉಂಗುರಗಳನ್ನು ಸೀರೆಯ ಸೆರಗು ನೇಯ್ದು ಉಳಿದ ರೇಷ್ಮೆ ನೂಲಿನಿಂದ ಸುತ್ತಿ ಕೂರಿಸಿದರು. ಓವರ್ಸಿಯರ್ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, ಗಂಟು ಎಲ್ಲಿದೆ ಎಂದು ಕೇಳಿದರಂತೆ. ಗಂಟು ಇರಲಿಲ್ಲ. ಕೊನೆಯ ಎಳೆಯನ್ನು ಹಿಂದಿನ ಸುತ್ತುಗಳ ಕೆಳಗೆ ತೂರಿಸಿ ಎಳೆದುಬಿಟ್ಟರೆ ನೂಲೇ ನೂಲನ್ನು ಹಿಡಿದುಕೊಳ್ಳುತ್ತದೆ. ಆ ಮಾತು ದಂಡೆಗುಂಟ ಗಲಗಲಿಯವರೆಗೆ ಹೋಯಿತು. ವರ್ಗವಾಗಿ ಹೋಗುವಾಗ ಓವರ್ಸಿಯರ್ ಅಪ್ಪನಿಗೆ ಒಂದು ಡಬ್ಬಿ ವಾರ್ನಿಷ್ ಮತ್ತು ಕೋಲು ಮಾಡುವ ಅರ್ಧ ವಿದ್ಯೆ ಬಿಟ್ಟುಹೋದರು. ಉಳಿದರ್ಧವನ್ನು ಅಪ್ಪ ತಾವೇ ಕಟ್ಟಿಕೊಂಡರು.

ಅಪ್ಪ ಜೀವಮಾನದಲ್ಲಿ ಒಂದು ಮೀನನ್ನೂ ಹಿಡಿದವರಲ್ಲ. ಹೊಸ ಕೋಲನ್ನು ಪರೀಕ್ಷೆ ಮಾಡಲು ದಾರದ ತುದಿಗೆ ಉಸುಕಿನ ಚೀಲ ಕಟ್ಟಿ ಓಣಿಯಲ್ಲಿ ಎತ್ತಿ ಎತ್ತಿ ಇಳಿಸುತ್ತಿದ್ದರು. ಎದುರು ಮನೆಯವರಿಗೆ ಅದೊಂದು ಮೋಜು. "ಏನ್ ಮಲ್ಲಪ್ಪಾ, ಇವತ್ತ ಎಷ್ಟ್ ಸೇರು ಉಸುಕು ಬಿತ್ತೋ ಗಾಳಕ್ಕ?" ಎಂದು ಕೇಳುತ್ತಿದ್ದರು. ಅಪ್ಪ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಅವರ ಕಣ್ಣು ಕೋಲಿನ ಬಾಗಿನ ಮೇಲೆ ಇರುತ್ತಿತ್ತು. ಪ್ರತಿ ಬಿದಿರಿಗೂ ಒಂದು ಬೆನ್ನು ಇರುತ್ತದೆ. ಬುಡವನ್ನು ನೆಲಕ್ಕೆ ಊರಿ, ತುದಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ನಡುವೆ ಒತ್ತಿ ಹೊರಳಿಸಿದರೆ ಅದು ತಾನಾಗಿ ಒಂದು ಕಡೆ ತಿರುಗಿ ನಿಲ್ಲುತ್ತದೆ. ಅಲ್ಲಿ ಸುಣ್ಣದ ಗುರುತು ಹಾಕಿ, ಆ ಸಾಲಿನಲ್ಲೇ ಉಂಗುರ ಕೂರಿಸಬೇಕು. ತಪ್ಪಿದರೆ ಎಳೆತ ಬಂದಾಗ ಕೋಲು ಕೈಯಲ್ಲಿ ತಿರುಚುತ್ತದೆ. ಸುತ್ತು ಹಾಕುವಾಗ ಅಪ್ಪ ನೂಲಿನ ಕಂಡಿಕೆಯನ್ನು ಕಾಲ್ಬೆರಳ ಸಂದಿಯಲ್ಲಿ ಬಿಗಿಹಿಡಿದು, ಎರಡೂ ಕೈಯಿಂದ ಕೋಲನ್ನು ತಿರುಗಿಸುತ್ತಿದ್ದರು. ಎಳೆ ಎಳೆಗೆ ತಾಗಿ, ಒಂದರ ಮೇಲೊಂದು ಏರದ ಹಾಗೆ ಕೂರಬೇಕು. ಮೇಲೆ ತೆಳುವಾಗಿ ವಾರ್ನಿಷ್. ಅದು ಒಂದೇ ಕಡೆ ಇಳಿದು ಹನಿಗಟ್ಟದಂತೆ ಕೋಲನ್ನು ಗಂಟೆಗಟ್ಟಲೆ ಮೆಲ್ಲಗೆ ತಿರುಗಿಸುತ್ತಿರಬೇಕು. ಆ ತಿರುಗಿಸುವ ಕೆಲಸ ನನ್ನದು. ನನಗೆ ಬೇಕಾಗಿದ್ದದ್ದು ಸುತ್ತು ಹಾಕುವ ಕೆಲಸ. ಅದನ್ನು ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ, ಅದಕ್ಕೇ ನನಗೆ ಅದು ಬೇಕಾಗಿತ್ತು.

ಅವ್ವನಿಗೆ ಈ ಉದ್ಯೋಗವೇ ಆಗಿಬರುತ್ತಿರಲಿಲ್ಲ. ವಾರಕ್ಕೊಮ್ಮೆಯಾದರೂ ರೊಟ್ಟಿ ಬಡಿಯುತ್ತ ಅಡಿಗೆ ಮನೆಯಿಂದ ಶುರು ಮಾಡುವಳು.

"ಕೊಲ್ಲಾವಗ ಅರ್ಧಾ ಪಾಪ, ಕೋಲ್ ಕೊಟ್ಟಾವಗ ಅರ್ಧಾ. ಕೊಳ್ಳಾಗ ಲಿಂಗಾ ಕಟಗೊಂಡು ಎಂಥಾ ಕೆಲಸಾ ಮಾಡ್ತೀರಿ ನೀವು."

"ನಾ ನೇಯ್ದ ಸೀರಿ ಉಟ್ಟಾಕಿ ಮನ್ಯಾಗ ಮೀನಾ ಕುದಿಯೂದಿಲ್ಲೇನು? ಹಂಗಾರ ಮಗ್ಗಾನೂ ಬಿಡ್ಲ್ಯಾ?"

"ಸೀರಿ ಯಾರ ಜೀವಾನೂ ತಗಿಯೂದಿಲ್ಲ."

"ತಗೀತೈತಿ ತಗೀತೈತಿ. ನೇಯ್ದಾವನ ಜೀವಾ ತಗೀತೈತಿ."

ಅಲ್ಲಿಗೆ ಅಪ್ಪ ಲಾಳಿ ಎಸೆಯಲು ಶುರು ಮಾಡಿದರೆ ಮಗ್ಗದ ಸದ್ದಿನಲ್ಲಿ ಜಗಳ ಮುಳುಗಿಹೋಗುತ್ತಿತ್ತು. ಅವ್ವ ಸೋತಳೆಂದಲ್ಲ. ಆ ಮನೆಯಲ್ಲಿ ಅವಳಿಗೊಂದು ಗದ್ದುಗೆ ಇತ್ತು, ಅದು ಗಂಜಿಯ ಗಡಿಗೆ. ಹತ್ತಿಯ ನೂಲು ಮಗ್ಗ ಏರುವ ಮೊದಲು ಗಂಜಿ ಕುಡಿಯಬೇಕು. ಇಲ್ಲದಿದ್ದರೆ ಜುಂಗೆದ್ದು ಮಗ್ಗದ ಹಣಿಗೆಯ ತಿಕ್ಕಾಟಕ್ಕೆ ಹರಿಯುತ್ತದೆ. ಅವ್ವನ ಗಂಜಿ ಕಟ್ಟಿದ ನೂಲು ಹರಿಯುವುದಿಲ್ಲವೆಂದು ಓಣಿಯಲ್ಲೆಲ್ಲ ಹೆಸರು. ಬನಹಟ್ಟಿಯಿಂದಲೂ ಹೆಂಗಸರು ಬಂದು ಹದ ಕೇಳುತ್ತಿದ್ದರು. ಅವಳು ಹೇಳಿಕೊಡುತ್ತಿದ್ದಳು, ಅವರು ಹಾಗೇ ಮಾಡುತ್ತಿದ್ದರು, ಆದರೂ ಅವಳದರಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಗಂಜಿ ಕುಡಿದರೆ ನೂಲಿಗೆ ಬಲ ಎಂಬುದನ್ನು ನಾನು ಮಗ್ಗಿಗಿಂತ ಮೊದಲೇ ಕಲಿತಿದ್ದೆ.

ಯಮನಪ್ಪ ಬಂದದ್ದು ಒಂದು ಮುಂಜಾನೆ, ಕಟ್ಟೆಗೆ ಬಿಸಿಲು ಬರುವ ಹೊತ್ತಿಗೆ. ಗಲಗಲಿಯವನು. ಅಗಲ ಭುಜದ ಆಳು. ಎಡಗೈ ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಕೆಳಗೆ ತುಂಡಾಗಿತ್ತು. ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. ಅದಕ್ಕೆ ಮೊದಲು ಅವನು ಹೊಳೆಯಲ್ಲಿ ಬೀಸುಬಲೆ ಹಾಕುತ್ತಿದ್ದ. ಬಲೆ ಬೀಸಲು ಎರಡು ಕೈ ಬೇಕು. ಅವನ ಹೆಂಡತಿ ದುರ್ಗವ್ವ ಕಬ್ಬು ಕಡಿಯಲು ಹೋಗಿ ಮನೆ ನಡೆಸುತ್ತಿದ್ದಳು. ಲೋಕಾಪುರದ ಕಡೆ ಅವಳ ತಮ್ಮನ ಇಟ್ಟಂಗಿ ಭಟ್ಟಿ ಇತ್ತು, ಅಲ್ಲಿಗೆ ಬಂದು ಕಾವಲು ಕೂಡು ಎಂದು ಆ ತಮ್ಮ ಕರೆಯುತ್ತಿದ್ದ. ದೀಪಾವಳಿಯೊಳಗೆ ಹೊಳೆಯಿಂದ ಬದುಕಬಲ್ಲೆನೆಂದು ತೋರಿಸಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು ಎಂದು ಗಂಡಹೆಂಡಿರ ನಡುವೆ ಒಪ್ಪಂದವಾಗಿತ್ತು.

"ಒಂದ ಕೈಯಿಲೆ ಹಿಡ್ಯೂ ಕೋಲ್ ಬೇಕ್ರಿ," ಎಂದ. "ಭಟ್ಟಿ ಕಾಯಾಕ ನಾ ಹೋಗಾವಲ್ಲರಿ. ನೀರ್ ಕಾಣದ ಊರಾಗ ನನಗ ಕೂಳ ಇಳಿಯೂದಿಲ್ಲ."

ಅಪ್ಪ ಅವನ ಮೊಂಡು ಕೈಯನ್ನು ದರ್ಜಿಯ ಹಾಗೆ ದಾರದಿಂದ ಅಳೆದರು. ಸುತ್ತಳತೆ, ಉದ್ದ, ಮಡಚಿದಾಗ ಎಷ್ಟು, ನೆಟ್ಟಗಿಟ್ಟಾಗ ಎಷ್ಟು. ಅಲ್ಲಿ ಒತ್ತಿದರೆ ನೋವಾಗುತ್ತದೆಯೇ, ಇಲ್ಲಿ ಒತ್ತಿದರೆ? ಅಪಘಾತವಾದ ಮೇಲೆ ಆ ಕೈಯನ್ನು ಇಷ್ಟು ಹೊತ್ತು ಯಾರೂ ಮುಟ್ಟಿರಲಿಲ್ಲವೆಂದು ಕಾಣುತ್ತದೆ, ಯಮನಪ್ಪ ಮೊದಲು ಬೇರೆ ಕಡೆ ನೋಡುತ್ತಿದ್ದವನು ಕೊನೆಕೊನೆಗೆ ತಾನೇ ಹಿಡಿದು ತೋರಿಸತೊಡಗಿದ. ಅಪ್ಪ ಆ ಕೋಲಿಗೆ ಮೂರು ವಾರ ತೆಗೆದುಕೊಂಡರು. ಬುಡಕ್ಕೆ ವಿದ್ಯುತ್ ಮಗ್ಗದ ಹಳೆಯ ಚರ್ಮದ ಪಟ್ಟಿಯನ್ನು ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಿ, ಮೊಂಡು ಕೈ ಕೂಡುವಂಥ ಬಟ್ಟಲು ಹೊಲಿದರು. ಅದರ ಮೇಲೆ ಎರಡು ಬಿಗಿಪಟ್ಟಿ. ಬಲಗೈಗೆ ಸಿಗುವಲ್ಲಿ, ದೊಡ್ಡ ಬಾಬಿನ್ನಿನಿಂದ ಮಾಡಿದ ದಾರದ ಉರುಳೆ. ಹೀಗೆ ಎಡಗೈ ಕೋಲು ಹೊರುತ್ತದೆ, ಬಲಗೈ ದಾರ ಸುತ್ತುತ್ತದೆ. ಅಪ್ಪ ಮಾಡಿದ ಎಲ್ಲ ಕೋಲುಗಳಲ್ಲಿ ಇಷ್ಟು ಯೋಚನೆ ಮಾಡಿದ್ದು ಬೇರೆ ಯಾವುದೂ ಇಲ್ಲವೆಂದು ಈಗಲೂ ಹೇಳಬಲ್ಲೆ.

ಏಳು ಉಂಗುರಗಳಲ್ಲಿ ಬುಡದ ಕಡೆಯ ನಾಲ್ಕನ್ನು ಅಪ್ಪ ಸುತ್ತಿದರು. ತುದಿಯ ಮೂರು ಬಹಳ ಸಣ್ಣವು. ಅಪ್ಪನಿಗೆ ಹತ್ತಿರದ ನೋಟ ಮಂಜಾಗತೊಡಗಿದ್ದ ಕಾಲ ಅದು, ಅದನ್ನು ಅವರು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ. ಎರಡು ಸಲ ಸುತ್ತಿ, ಎರಡು ಸಲ ಬಿಚ್ಚಿದರು. ಕೊನೆಗೆ ಕುಣಿಯ ಅಂಚಿನಲ್ಲಿ ಕೂತಿದ್ದ ನನ್ನ ಕಡೆ ಕೋಲನ್ನು ಸರಿಸಿದರು.

"ಕಸ್ತೂರೀ, ಈ ಮೂರು ನೀ ಸುತ್ತ. ನಿನ್ನ ಬೆರಳು ಸಣ್ಣ ಅದಾವು."

ನನಗಾದ ಸಂತೋಷವನ್ನು ಹೇಳಲು ಹೋಗುವುದಿಲ್ಲ. ಆದರೆ ಕೂತು ಸುತ್ತತೊಡಗಿದಾಗ ಕಷ್ಟ ತಿಳಿಯಿತು. ರೇಷ್ಮೆ ನೂಲು ಜಾರುತ್ತದೆ. ನನ್ನ ಬೆರಳು ಬೆವರುತ್ತಿದ್ದವು, ಎಂಟು ಸುತ್ತು ಕೂರಿಸುವಷ್ಟರಲ್ಲಿ ಮೊದಲ ನಾಲ್ಕು ಸಡಿಲವಾಗುತ್ತಿದ್ದವು. ಮರುದಿನ ಅಪ್ಪ ನೂಲು ತರಲು ಪೇಟೆಗೆ ಹೋಗಿದ್ದರು, ಅವ್ವ ಭಾವಿಗೆ. ನಾನು ಕೆಂಪು ರೇಷ್ಮೆಯ ಲಡಿಯನ್ನು ಅವ್ವನ ಗಂಜಿಯ ಗಡಿಗೆಯಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಹಾಕಿ ಒಣಗಿಸಿದೆ. ನೇಕಾರರ ಮನೆಯ ಮಗಳಿಗೆ ಇದಕ್ಕಿಂತ ಸಹಜವಾದ ಉಪಾಯ ಯಾವುದು? ನೂಲು ಸೆಟೆದು ನಿಂತಿತು, ಇಟ್ಟಲ್ಲಿ ಕೂತಿತು, ಎಳೆಗೆ ಎಳೆ ಅಂಟಿಕೊಂಡಿತು. ಮೂರೂ ಉಂಗುರ ಒಂದೇ ದಮ್ಮಿಗೆ ಮುಗಿದವು. ಸಂಜೆ ಅಪ್ಪ ಬಂದು ಉಗುರಿನಿಂದ ಕೆರೆದು ನೋಡಿದರು.

"ಲೇ, ಇದು ನನ್ನ ಸುತ್ತಿಗಿಂತಾ ಛಲೋ ಆಗೇತಿ," ಎಂದು ನಡುಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದರು. "ಕೇಳಿಸ್ತಿಲ್ಲೋ? ನಿನ್ನ ಮಗಳ ಕೈ ನೋಡ ಬಾ."

ಅವ್ವ ಬರಲಿಲ್ಲ. ಆಮೇಲೆ ಗಂಜಿ ಸೋಸುವಾಗ ನನ್ನನ್ನು ಕೇಳಿದಳು.

"ಇದ್ಯಾಕ ಗಂಜಿ ಕೆಂಪ ಆಗೇತಿ?"

"ಕುಂಕುಮಾ ಬಿದ್ದಿರಬೇಕು," ಎಂದೆ.

ಅವಳು ನನ್ನನ್ನು ಒಂದು ಸಲ ನೋಡಿ ಆ ಗಂಜಿಯನ್ನು ಚೆಲ್ಲಿಬಿಟ್ಟಳು. ನಾನು ಹೇಳಬಹುದಿತ್ತು. ಹೇಳಿದ್ದರೆ, ಚೆನ್ನಾದದ್ದು ನನ್ನ ಕೈಯಲ್ಲ, ಗಂಜಿ ಎಂದು ಆಗಿಬಿಡುತ್ತಿತ್ತು. ಅಷ್ಟೇ ಕಾರಣ, ಬೇರೆ ದೊಡ್ಡದೇನಿಲ್ಲ.

ಯಮನಪ್ಪ ಕೋಲು ಒಯ್ಯಲು ಬಂದ ದಿನ ಓಣಿಯಲ್ಲಿ ಉಸುಕಿನ ಚೀಲ ಎತ್ತಿ ತೋರಿಸಿದ. ಎದುರು ಮನೆಯವರೂ ಅಂದು ಚೇಷ್ಟೆ ಮಾಡಲಿಲ್ಲ. ಎಡಗೈಗೆ ಕೋಲು ಕಟ್ಟಿಕೊಂಡು, ಅದನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಅವನು ಇದ್ದಕ್ಕಿದ್ದಂತೆ ಅಳತೊಡಗಿದ. ಅಪ್ಪ ವಾರ್ನಿಷ್ ಡಬ್ಬಿಯ ಮುಚ್ಚಳ ಹುಡುಕುವವರಂತೆ ತಿರುಗಿದರು.

ಹತ್ತು ದಿನಕ್ಕೆ ಅವನು ಮತ್ತೆ ಬಂದ. ಈ ಸಲ ದುರ್ಗವ್ವನೂ ಜೊತೆಗಿದ್ದಳು. ಸಣ್ಣ ಮೈಯ, ಬಿಸಿಲಿಗೆ ಕಂದಿದ ಹೆಂಗಸು. ಕೋಲು ಅವಳ ಕೈಯಲ್ಲಿತ್ತು. ಅವಳು ಅದನ್ನು ಕಟ್ಟೆಯ ಮೇಲೆ ಇಡಲಿಲ್ಲ, ಒಗೆದಳು.

"ತಗೋರಿ ನಿಮ್ಮ ಕೋಲು. ನನ್ನ ಗಂಡನ್ನ ಜೀವಂತ ತಂದೇನಿ, ಅದ ಪುಣ್ಯೇವು."

ಆದದ್ದು ಇಷ್ಟು. ಮೊದಲ ಮೂರು ದಿನ ಸಣ್ಣಪುಟ್ಟ ಮೀನು ಬಿದ್ದವು, ಕೋಲು ಚೆನ್ನಾಗಿಯೇ ಇತ್ತು. ದಿನದಿನ ನೀರು ಕುಡಿದು ತುದಿಯ ಸುತ್ತುಗಳ ವಾರ್ನಿಷ್ ಬೆಳ್ಳಗಾಯಿತು, ನೂಲು ಮೆತ್ತಗಾಯಿತು. ಐದನೆಯ ದಿನ ದೊಡ್ಡ ಬಾಳೆ ಮೀನು ಬಿತ್ತು. ಅದು ಎಳೆದ ಎಳೆತಕ್ಕೆ ತುದಿಯ ಉಂಗುರ ಕಳಚಿ ಕೆಳಗಿನದಕ್ಕೆ ಬಡಿದು, ಬಿಚ್ಚಿದ ನೂಲು ಗಾಳದ ದಾರಕ್ಕೆ ಸುತ್ತಿಕೊಂಡು ಸಿಕ್ಕುಬಿತ್ತು. ದಾರ ಬಿಡುವುದೂ ಆಗಲಿಲ್ಲ, ಸುತ್ತುವುದೂ ಆಗಲಿಲ್ಲ. ಬೇರೆಯವರಾಗಿದ್ದರೆ ಕೋಲನ್ನೇ ಬಿಟ್ಟುಬಿಡುತ್ತಿದ್ದರು. ಯಮನಪ್ಪನ ಕೋಲು ಕೈಗೆ ಕಟ್ಟಿತ್ತು. ಬಂಡೆಯ ಮೇಲಿಂದ ಮಡುವಿಗೆ ಬಿದ್ದ. ಬುತ್ತಿ ತಂದಿದ್ದ ದುರ್ಗವ್ವ ಸೊಂಟದ ಮಟ್ಟಕ್ಕೆ ನೀರಿಗಿಳಿದು, ಅವನ ಕೂದಲು ಹಿಡಿದು ಎಳೆದು ತಂದಳು.

ಅಪ್ಪ ಕಟ್ಟೆಗೆ ಬಂದು ಕೂತರು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಸುತ್ತನ್ನು ಉಗುರಿನಿಂದ ಎಬ್ಬಿಸಿದರು. ವಾರ್ನಿಷ್ ಹಾಳೆಯಂತೆ ಸುಲಿದು ಬಂತು. ಕೆಳಗೆ ಕೆಂಪು ನೂಲಿನ ಮೇಲೆ ಬಿಳಿ ಲೋಳೆ ಕಟ್ಟಿತ್ತು. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರು. ಮೂವತ್ತು ವರ್ಷ ನೂಲು ಹಿಡಿದವರಿಗೆ ಎರಡನೆಯ ಸಲ ತಿಕ್ಕುವ ಅಗತ್ಯವಿರಲಿಲ್ಲ.

"ಗಂಜಿ," ಎಂದರು. "ಗಂಜಿ ಕುಡದ ನೂಲು ವಾರ್ನಿಷ್ ಹೀರೂದಿಲ್ಲ. ನೀರ ಮಾತ್ರ ಹೀರತೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಆದರೆ ಅಪ್ಪ ನನ್ನ ಕಡೆ ನೋಡಲೇ ಇಲ್ಲ. ನನ್ನ ಸುತ್ತನ್ನು ಮೆಚ್ಚಿ ಮೆರೆಸಿದವರು ಅವರು, ಅವರಿಗೆ ಆ ಸಂಶಯ ಬರುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಗಂಜಿ ಎಂದರೆ ಒಬ್ಬರೇ. ಅವ್ವ ಸದ್ದು ಕೇಳಿ ಹೊಸ್ತಿಲಿಗೆ ಬಂದು ನಿಂತಿದ್ದಳು.

"ನೀಲವ್ವಾ, ಈ ನೂಲಿಗೆ ಗಂಜಿ ನೀ ಹಚ್ಚಿದ್ಯೇನು?"

ಅವ್ವ ಅಪ್ಪನನ್ನು ನೋಡಿದಳು, ಕೋಲನ್ನು ನೋಡಿದಳು. ತುದಿಯ ಕೆಂಪು ನೂಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಗಡಿಗೆಗೆ ಕುಂಕುಮ ಬಿದ್ದಿರಲಿಲ್ಲವೆಂದು ಅವಳಿಗೆ ಆಗ ಖಾತ್ರಿಯಾಯಿತು; ಅದು ನನಗೂ ಗೊತ್ತಾಯಿತು.

"ಹೂನ್ರಿ," ಎಂದಳು. "ಮಗ್ಗದ ನೂಲು ಅಂತ ತಿಳದು ಅದ್ದಿ ಹಾಕಿದ್ದೆ. ನನಗೇನ್ ಗೊತ್ತು."

"ಏನ್ ಗೊತ್ತು? ರೇಷ್ಮಿಗೆ ಯಾವತ್ತರ ಗಂಜಿ ಹಾಕೀಯೇನ ನೀನು? ಬೇಕಂತ ಮಾಡೀದಿ! ಈ ಕೋಲಿನ ಕೆಲಸಾ ಮನಿ ಬಿಟ್ಟ ಹೋಗಲಿ ಅಂತ ಮಾಡೀದಿ. ನಿನ್ನ ಮಡಿ ಸಲುವಾಗಿ ಒಬ್ಬ ಮನಶ್ಯಾನ ಜೀವಾ ಹೋಗತಿತ್ತು!"

ಅಪ್ಪ ಅವ್ವನನ್ನು ಹೊರಗಿನವರ ಮುಂದೆ ಬೈದದ್ದು ಅದೇ ಮೊದಲು. ಓಣಿಯಲ್ಲಿ ಎರಡು ಬಾಗಿಲು ತೆರೆದವು. ಅವ್ವ ಒಳಗೆ ಹೋದಳು. ಅವಳು ಅಳಲು ಹೋದಳೆಂದು ನಾನು ತಿಳಿದೆ. ಆದರೆ ಹೊರಗೆ ಬಂದಳು, ಕೈಯಲ್ಲಿ ಒಳಗಿನ ಹಿತ್ತಾಳೆ ತಂಬಿಗೆ, ತಟ್ಟೆಯಲ್ಲಿ ಬೆಲ್ಲ. ದುರ್ಗವ್ವನ ಮುಂದೆ ಬಾಗಿ ಹಿಡಿದಳು. ಗೂಡಿನ ತಂಬಿಗೆಯನ್ನು ಯಮನಪ್ಪ ಬಲ್ಲ, ಹೆಂಡತಿಗೂ ಹೇಳಿದ್ದನೆಂದು ಕಾಣುತ್ತದೆ. ದುರ್ಗವ್ವ ಹೊಳೆಯುವ ಹಿತ್ತಾಳೆಯನ್ನು ನೋಡಿ ಮುಖ ತಿರುಗಿಸಿದಳು.

"ನಿಮ್ಮ ಕೈ ನೀರು ನನಗ ಬ್ಯಾಡ್ರಿ ಯವ್ವಾ. ಬೇಕಂತ ಹಿಂಗ ಮಾಡೂರ ಮನಿ ನೀರು ನಾವು ಕುಡಿಯೂದಿಲ್ಲ."

ಅವ್ವ ತಂಬಿಗೆ ಹಿಡಿದುಕೊಂಡು ಹಾಗೇ ನಿಂತಳು. ಹಿಂದಕ್ಕೂ ತೆಗೆದುಕೊಳ್ಳಲಿಲ್ಲ, ಕೆಳಗೂ ಇಡಲಿಲ್ಲ. ತಂಬಿಗೆ ವಾಲಿ ನೀರು ಅಂಚು ದಾಟಿ ಅವಳ ಪಾದದ ಮೇಲೆ ಬೀಳುತ್ತಿತ್ತು. ಯಮನಪ್ಪ ಸತ್ತೇಹೋಗುತ್ತಿದ್ದನೆಂಬ ಮಾತು ಕೇಳಿದಾಗ ನಾನು ಹೆದರಿದ್ದೆ, ಆದರೆ ಬಾಯಿ ಬಿಟ್ಟಿರಲಿಲ್ಲ. ಅಪ್ಪ ಬೈದಾಗಲೂ ಬಿಟ್ಟಿರಲಿಲ್ಲ. ನಾಚಿಕೆಯ ಮಾತು, ಆದರೆ ಖರೆ. ಆ ತಂಬಿಗೆಯನ್ನು ನೋಡಿ ಮಾತ್ರ ತಡೆಯಲಾಗಲಿಲ್ಲ.

"ನಾ ಹಚ್ಚೇನಿ," ಎಂದೆ. "ಅವ್ವಗ ಗೊತ್ತಿಲ್ಲ. ನೂಲು ಜಾರತಿತ್ತು, ನಾನ ಗಂಜ್ಯಾಗ ಅದ್ದೇನಿ."

ಅಪ್ಪ ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆಂದುಕೊಂಡೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ನನ್ನ ಬೆರಳುಗಳನ್ನೇ ನೋಡಿದರು, ಆ ಬೆರಳುಗಳು ಬೇರೆ ಯಾರದೋ ಎಂಬ ಹಾಗೆ. ಮಾತಾಡಿದವಳು ದುರ್ಗವ್ವ.

"ಯಾಕ ತಂಗಿ?"

"ಗಟ್ಟಿ ಆಗಲಿ ಅಂತರಿ. ಚಂದ ಕಾಣಲಿ ಅಂತ."

"ಗಟ್ಟಿ ಆಗಲಿ ಅಂತ," ಎಂದು ಅವಳು ನನ್ನ ಮಾತನ್ನೇ ಒಮ್ಮೆ ಹೇಳಿಕೊಂಡಳು. ಆಮೇಲೆ ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು, ತುಟಿ ಹಚ್ಚಿ ಗಟಗಟ ಕುಡಿದು, ಉಳಿದರ್ಧವನ್ನು ಗಂಡನಿಗೆ ಕೊಟ್ಟಳು. ಅವನೂ ಕುಡಿದ. ಅವ್ವ ಖಾಲಿ ತಂಬಿಗೆಯನ್ನು ತೆಗೆದುಕೊಂಡು ಒಳಗೆ ಹೋದಳು.

"ಇವನು ಮತ್ತ ಹೊಳಿಗೆ ಹೋಗಾವನ," ಎಂದಳು ದುರ್ಗವ್ವ ಅಪ್ಪನಿಗೆ. "ಇಡೀ ದಾರೀಗುಂಟ ಅದನ್ನ ಹೇಳಕೋತ ಬಂದಾನ. ನಾ ಬ್ಯಾಡಂದ್ರ ಬಿಡಾಂವ ಅಲ್ಲ. ಮತ್ತ ಸುತ್ತಸ್ರಿ. ಇಕೀನ ಸುತ್ತಲಿ. ನಾ ಎದುರಿಗೆ ಕುಂಡ್ರತೇನಿ."

"ಇಕೀ ಬ್ಯಾಡ," ಎಂದರು ಅಪ್ಪ. "ನಾ ಸುತ್ತತೇನಿ."

"ನಿಮಗ ಕಣ್ಣ ಕಾಣೂದಿಲ್ಲ ಅಂತ ಕೋಲ್ ಹಿಡದದ್ದ ನೋಡಿದ್ರ ಗೊತ್ತಾಕ್ಕೈತ್ರಿ. ಇಕಿ ಕಡೆ ಕೊಡ್ರಿ. ತಪ್ಪ ಎಲ್ಲಿ ಆಗತೈತಿ ಅಂತ ಈಗ ಇಕೀಗಷ್ಟ ಗೊತ್ತೈತಿ."

ಹೀಗಾಗಿ ಆ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಕೂತು ಮೂರು ಉಂಗುರಗಳನ್ನು ಗಂಜಿ ಕಾಣದ ರೇಷ್ಮೆಯಲ್ಲಿ ಸುತ್ತಿದೆ. ಬೆವರು ಬಂದಾಗಲೆಲ್ಲ ಬೂದಿ ಮುಟ್ಟಿಕೊಂಡೆ, ಅದನ್ನು ಹೇಳಿದವನು ಯಮನಪ್ಪ. ಒಂದೊಂದು ಸುತ್ತು ಮುಗಿದಾಗಲೂ ದುರ್ಗವ್ವ ಉಂಗುರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದಳು. ಮೊದಲನೆಯದು ಅಲುಗಾಡಿತು, ಬಿಚ್ಚಿಸಿದಳು. ಎರಡನೆಯ, ಮೂರನೆಯ ಸಲವೂ ಬಿಚ್ಚಿಸಿದಳು. ನಾಲ್ಕನೆಯ ಸಲಕ್ಕೆ ಹೂಂ ಎಂದಳು. ಅದು ನೋಡಲು ಗಂಜಿಯ ಸುತ್ತಿನಷ್ಟು ಚೆನ್ನಾಗಿರಲಿಲ್ಲ, ಒಂದೆರಡು ಕಡೆ ಎಳೆ ಎದ್ದಿತ್ತು. ಅಪ್ಪ ಕಟ್ಟೆಯ ಆ ತುದಿಯಲ್ಲಿ ಕೂತು ಕೈಪಟ್ಟಿಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಿದ್ದರು. ಕೋಲು ಕೈಗೆ ಕಟ್ಟಿದವನು ಅದನ್ನು ಕಳಚಬೇಕಾದೀತು ಎಂಬುದು ಅವರಿಗೂ ಹೊಳೆದಿರಲಿಲ್ಲ. ಹೊಳೆಗೆ ಇಳಿಯದವರ ತಪ್ಪು ಅದು. ಅವ್ವನ ಮುಂದೆ ತಮ್ಮ ಮಾತು ಹಿಂತೆಗೆದುಕೊಳ್ಳುವ ಅಭ್ಯಾಸ ಅಪ್ಪನಿಗಿರಲಿಲ್ಲ. ಆ ದಿನವೂ ತೆಗೆದುಕೊಳ್ಳಲಿಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಇನ್ನೂ ಸ್ವಲ್ಪ ಸಿಟ್ಟಿದೆ.

ಯಮನಪ್ಪ ಭಟ್ಟಿಗೆ ಹೋಗಲಿಲ್ಲ. ಆ ಕೋಲಿನಿಂದ ಎಷ್ಟೋ ವರ್ಷ ಗಲಗಲಿಯಲ್ಲೇ ಬದುಕಿದ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ದುರ್ಗವ್ವ ಕೋಲನ್ನು ತಂದು ಸುತ್ತು ಬದಲಿಸಿಕೊಂಡು ಹೋಗುತ್ತಿದ್ದಳು, ಹಲ್ಲಿನ ಪರೀಕ್ಷೆಯನ್ನು ಒಂದು ವರ್ಷವೂ ಬಿಡಲಿಲ್ಲ.

ಆದರೆ ಆ ದಿನದ ಮಾತು ಇನ್ನೊಂದು ಉಳಿದಿದೆ. ಅವರಿಬ್ಬರೂ ಹೋದ ಮೇಲೆ ನಾನು ನಡುಮನೆಗೆ ಹೋದೆ. ಅವ್ವ ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಬೈಯಲಿ ಎಂದು ಎದುರಿಗೇ ಕೂತೆ. ಬೈಯಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅವ್ವಾ, ನಿನಗ ಆ ಕೋಲ್ ಕಂಡ್ರ ಆಗೂದಿಲ್ಲ. ನಾ ಹಚ್ಚೇನಿ ಅಂತ ಗೊತ್ತಾಗಿತ್ತು ನಿನಗ. ಮತ್ಯಾಕ ನೀ ಹಚ್ಚೀದಿ ಅಂತ ಅಂದಿ?"

ಅವಳು ರಾಟಿ ನಿಲ್ಲಿಸಲಿಲ್ಲ.

"ನಾ ಎಷ್ಟ ಕೆಡಿಸಿದ್ರೂ ನಾಳೆ ಗಂಜಿ ಕೆಲಸಾ ನನ್ನ ಕೈಯಾಗ ಕೊಡತಾರ, ಕೊಡದ ಎಲ್ಲಿ ಹೋಗತಾರ? ನೀ ಕೆಡಿಸೀದಿ ಅಂತ ಗೊತ್ತಾದ್ರ ನಿಮ್ಮಪ್ಪ ಮತ್ತೊಮ್ಮಿ ನಿನ್ನ ಕೈಗೆ ನೂಲ ಕೊಡತಿದ್ದಿಲ್ಲ."